ಗಾಳಿ ಹಿಡಿದ ಸ್ಕ್ರೂ

ಮಸ್ಕೀಗನ್‌ನಿಂದ ಇಲ್ಲಿಗೆ ಎರಡು ಸಾವಿರ ಮೈಲಿ.
ಈ ಗಾಡಿ ಹುಟ್ಟಿದಂದಿನಿಂದ ಓಡಿದ್ದೂ ಅಷ್ಟೇ.
ಸೀಟಿನ ಪ್ಲಾಸ್ಟಿಕ್ ಇನ್ನೂ ಹರಿದಿಲ್ಲ,
ಹೊಸ ಅಂಟಿನ ಘಾಟಿಗೆ ಕಣ್ಣುರಿ.
ಅರಿಜೋನಾದ ಬಯಲು, ಜನವರಿಯ ಎಳೆಬಿಸಿಲು,
ಮಡಚುಕುರ್ಚಿಯಲ್ಲಿ ಅರ್ಡಿತ್ ವಾಂಡರ್‌ಪ್ಲೂಗ್
ನನ್ನ ಕೈಯನ್ನೇ ನೋಡುತ್ತಿದ್ದಾಳೆ,
ಆಪರೇಷನ್ ಕೋಣೆಯ ಹೊರಗೆ ಕೂತವರ ಹಾಗೆ.

ಮಳೆ ಬಂದದ್ದು ಒಂದೇ ರಾತ್ರಿ,
ಮರಳುಗಾಡಿನ ಮಳೆ, ಮುಕ್ಕಾಲು ಗಂಟೆ.
ಅಷ್ಟಕ್ಕೇ ತಲೆದೆಸೆಯ ಗೋಡೆ
ಹಪ್ಪಳದಂತೆ ಉಬ್ಬಿದೆ.
ಗೋಡೆ ಎಂದರೇನು,
ಮರದ ಚಿತ್ರ ಅಚ್ಚಾದ ಕಾಗದ,
ಅದರ ಹಿಂದೆ ಎರಡು ಬೆರಳಗಲದ ಪಟ್ಟಿ,
ಅದರ ಹಿಂದೆ ಆಕಾಶ.

ಬಿಚ್ಚುತ್ತೇನೆ. ಬಿಚ್ಚುವುದೇ ಈಗ ನನ್ನ ಕಸುಬು.
ಒಂದು ಹಿಡಿ ಗರಗಸದ ಹೊಟ್ಟು.
ಯಾರದೋ ಕಿವಿಯಿಂದ ಜಾರಿದ ಹಳದಿ ಬಿರಡೆ.
ಚಾವಣಿಯಂಚಿನ ಏಳು ಸ್ಕ್ರೂಗಳಲ್ಲಿ
ನಾಲ್ಕು ಮರ ಹಿಡಿದಿವೆ,
ಮೂರು ಗಾಳಿ ಹಿಡಿದಿವೆ,
ಹಾಜರಿ ಹಾಕಿ ಸುಮ್ಮನೆ ನಿಂತವರಂತೆ
ಮಿರಮಿರ ಮಿಂಚುತ್ತ.

"ಯಾರು ಕಟ್ಟಿದ್ದು ಇದನ್ನ?" ಕೇಳುತ್ತಾಳೆ.
ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ
ದೊಡ್ಡ ಹಂಡೆಗಳ ತಳ ಉಜ್ಜಿದವಳು.
ತಳ ನೋಡುವುದು ಅವಳಿಗೆ ಗೊತ್ತು.

ಪಟ್ಟಿಯ ಮೇಲೊಂದು ಪೆನ್ಸಿಲ್ ಗೀಟು.
ಎಡಗೈಯವನ ಗೀಟು,
ತುದಿಯಲ್ಲಿ ಪುಟ್ಟ ಕೊಕ್ಕೆ.

ಈ ಕೊಕ್ಕೆ ನನಗೆ ಗೊತ್ತು.

ಇಂಡಿಯಾನಾ. ಬೆಳಗಿನ ಐದಕ್ಕೇ ದೀಪ.
ಒಂಬತ್ತು ವರ್ಷ ವರ್ಲಿನ್ ಬಾರ್ನ್‌ಟ್ರೇಗರನ ಎದುರು ನಿಂತು
ನಾನು ತಗಡು ಒತ್ತಿದೆ, ಅವನು ಸ್ಕ್ರೂ ಬಿಟ್ಟ.
ಕೂಲಿ ಗಂಟೆಗಲ್ಲ, ಗಾಡಿಗೆ.
ದಿನಕ್ಕೆ ಹದಿನಾಲ್ಕು. ಹದಿನೈದಾದರೆ
ಎಲ್ಲರ ಜೇಬೂ ಒಂದಿಷ್ಟು ಬೆಚ್ಚಗೆ.
ಯಾರೂ ನಡೆಯುತ್ತಿರಲಿಲ್ಲ ಅಲ್ಲಿ, ಓಟವೇ.
ಕೈಗಿಂತ ಮುಂದೆ ಕಣ್ಣು,
ಕಣ್ಣಿಗಿಂತ ಮುಂದೆ ಮುಂದಿನ ಗಾಡಿ.
ಮರ ತಪ್ಪಿದ ಸ್ಕ್ರೂವಿನ ಸದ್ದೇ ಬೇರೆ,
ಟರ್ರ್ ಎನ್ನುವುದಿಲ್ಲ, ಸುಂಯ್ ಎನ್ನುತ್ತದೆ.
ಕಿವಿಗೆ ಬಿರಡೆ ಇದ್ದರೂ
ಮಣಿಕಟ್ಟಿಗೆ ಕೇಳಿಸುತ್ತಿತ್ತು.
ವರ್ಲಿನ್ ನನ್ನ ಮುಖ ನೋಡುತ್ತಿದ್ದ.
ನಾನು ಗಡಿಯಾರ ನೋಡುತ್ತಿದ್ದೆ.

ಒಂದು ಭಾನುವಾರ ಊಟಕ್ಕೆ ಕರೆದು
ಕೊಟ್ಟಿಗೆಯಲ್ಲಿ ತಾನೇ ಕಟ್ಟಿದ ಕುದುರೆಗಾಡಿ ತೋರಿಸಿದ.
ಹಿಕ್ಕರಿ ಮರದ ಅರೆಕಾಲುಗಳು,
ಕೂದಲೂ ತೂರದ ಬೆಸುಗೆ,
ಒಂದೊಂದು ಚಕ್ರಕ್ಕೆ ಒಂದೊಂದು ಚಳಿಗಾಲ.
"ಇದರಲ್ಲಿ ನನ್ನ ಮಕ್ಕಳು ಕೂರುತ್ತಾರೆ" ಅಂದ.
ಅಂದವನ ಮುಖ ಗಡ್ಡದವರೆಗೂ ಕೆಂಪಾಯಿತು.
ನಾನು ಕುದುರೆಯ ವಯಸ್ಸು ಕೇಳಿದೆ.

ಮೇಲೆ ಥಳುಕು, ಒಳಗೆ ಹುಳುಕು
ಎಂದು ಯಾರಾದರೂ ಹೇಳಿಬಿಡಬಹುದು.
ಹುಳುಕಲ್ಲ ಇದು.
ಹುಳಕ್ಕೆ ಪುರುಸೊತ್ತು ಬೇಕು.

ಬೀರುವಿನ ಬಾಗಿಲ ಹಿಂದೆ ಹಸಿರು ಚೀಟಿ:
ತಪಾಸಣೆ ಆಗಿದೆ. ಕೆಳಗೆ ಮೂರು ಸಹಿ,
ಮೂರೂ ಒಂದೇ ಪೆನ್ನಿನವು.

"ಗೊತ್ತಿಲ್ಲ ಮೇಡಂ" ಅಂದೆ.
ಹೊಸ ಮರ ಕೂಡಿಸಿ, ಒಂದೊಂದನ್ನೇ ಬಿಗಿದೆ.
ಟರ್ರ್. ಟರ್ರ್. ಟರ್ರ್.
ಅವಳು ಎದ್ದು ಬಂದು ಟಾರ್ಚು ಹಿಡಿದಳು.
ಈಗ ನನ್ನ ಕೂಲಿ ಗಂಟೆಗೆ ಇಷ್ಟೆಂದು.
ನಿಧಾನಕ್ಕೂ ಬೆಲೆ ಉಂಟು,
ಅದನ್ನು ಕೊಡುವವಳು ಇವಳು,
ಎರಡನೆಯ ಸಲ.

ಸಂಜೆ ಷರಟು ಬಿಚ್ಚುವಾಗ
ಜೇಬಿನಿಂದ ಮೂರು ಸ್ಕ್ರೂ ಬಿದ್ದವು,
ಒಂದು ಗೆರೆಯೂ ಬೀಳದ
ಹೊಚ್ಚಹೊಸವು.