ಬಾಡದ ಮೂಲಂಗಿ

ಗ್ಲೇಸ್ ಬೇಯ ಮೀನು ಕಾರ್ಖಾನೆಯ ಗೇಟಿನಲ್ಲಿ
ರಾತ್ರಿಪಾಳಿ ನನ್ನದು.
ಒಳಗೆ ಏಡಿಗಳಿಗೆ ಮಂಜುಗಡ್ಡೆ,
ಹೊರಗೆ ನನಗೊಂದು ಹೀಟರು,
ಆಮೇಲೆ ಈ ಫೋನು, ಅದರೊಳಗೆ
ಹನ್ನೆರಡು ಮಡಿ ಹೊಲ.

ನಗಬೇಡಿ.
ಅರವತ್ತಾರರ ಹೆಂಗಸು ಬೆರಳಲ್ಲೇ ಉತ್ತು
ಬೆರಳಲ್ಲೇ ಬಿತ್ತಿ, ನಾಲ್ಕು ಗಂಟೆಗೊಮ್ಮೆ
ಟೊಮೇಟೊ ಕೀಳುತ್ತಾಳೆ.
ನಮ್ಮ ಮನೆತನಕ್ಕೆ ಮಣ್ಣು ಅಂದರೆ
ಕಲ್ಲಿದ್ದಲ ಸುರಂಗದಿಂದ
ಅಪ್ಪನ ಕಿವಿಯೊಳಗೆ ಕೂತು ಬಂದದ್ದು.
ಹಸಿರು ಬೆಳೆದವಳು ನಾನೇ ಮೊದಲು.

ನೆರೆಹೊರೆ ಇಲ್ಲದೆ ಈ ಆಟದಲ್ಲಿ ಕೊಟ್ಟಿಗೆ ಏಳುವುದಿಲ್ಲ.
ಇಷ್ಟು ಹಲಗೆ, ಇಷ್ಟು ಮೊಳೆ, ಬೇಡಿಯೇ ತರಬೇಕು.
ಹಾಗೆ ಬೇಡುವಾಗ ಸಿಕ್ಕವನು ಈವಾಲ್ಡ್,
ಎಸ್ಟೋನಿಯಾದಲ್ಲಿ ಪರ್ನು ಎಂಬ ಊರಿನವನು.
ಅವನ ಮಾತು ನನಗೆ ಬಾರದು, ನನ್ನದು ಅವನಿಗೆ.
ಬೆಳಗಿಗೊಂದು ಹುಲ್ಲಿನ ಪಿಂಡಿ ಅವನು,
ಬದಲಿಗೊಂದು ಕೋಳಿ ನಾನು.
ನಾಲ್ಕು ವರ್ಷ ಆಡಿಕೊಂಡದ್ದು ಇಷ್ಟೇ.
ಗಂಡನ ಜೊತೆ ಹನ್ನೊಂದು ವರ್ಷದಲ್ಲಿ
ಇಷ್ಟು ಚೆನ್ನಾಗಿ ಮಾತಾಡಿದ ನೆನಪಿಲ್ಲ.

ಮಡಗಾಸ್ಕರಿನ ಕರಾವಳಿಗೆ ಚಂಡಮಾರುತ ಬಡಿದ ವಾರ
ಆಟದ ಅಂಗಡಿಗೆ ಹೊಸ ಬೀಜ ಬಂತು:
ಕೆಂಪು ಮೂಲಂಗಿ, ಐದು ಡಾಲರು,
ಅರ್ಧ ಅಲ್ಲಿನ ಶಾಲೆಮಕ್ಕಳ ಊಟಕ್ಕೆ.
ಕೆಳಗೆ ಸಣ್ಣಕ್ಷರದಲ್ಲಿ,
ಈ ಬೆಳೆ ಬಾಡುವುದಿಲ್ಲ.

ತಂಗಿ ಎಫಿ ಸಿಡುಕಿದಳು:
"ತಿನ್ನಲಾಗದ ಮೂಲಂಗಿಗೆ ಐದು ಡಾಲರೇ?
ಚರ್ಚಿನ ಡಬ್ಬಿಗೆ ಹಾಕಿದ್ದರೆ ಪೂರ್ತಿ ಹೋಗುತ್ತಿತ್ತು.
ಇನ್ನರ್ಧ ಯಾರ ಹೊಟ್ಟೆಗೆ?"
ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿರಲಿಲ್ಲ.
ಅದೇ ಡಬ್ಬಿ ಎದುರಿಗೆ ಬಂದಾಗ
ಎಷ್ಟು ಭಾನುವಾರ ಕೈಚೀಲ ತಡಕುವ ನಟನೆ ಮಾಡಿದ್ದೇನೋ,
ಅದನ್ನು ಮಾತ್ರ ಹೇಳಲಿಲ್ಲ.
ಬೆರಳು ಆಗಲೇ ಒತ್ತಿಯಾಗಿತ್ತು.
ದಾನ ಅಂತ ಅನಿಸಲೇ ಇಲ್ಲ ನೋಡಿ,
ಬೇಲಿಗೊಂದು ಗೂಟ ಕೊಂಡ ಹಾಗೆ.

ಮಾರನೇ ಬೆಳಗ್ಗೆ ಈವಾಲ್ಡನ ಹೊಲದ ಮೂಲೆಯಲ್ಲೂ
ಒಂದು ಮಡಿ ಕೆಂಪು.
ಆ ದಿನ ಅವನಿಗೆ ಎರಡು ಕೋಳಿ ಕಳಿಸಿದೆ.

ಆಮೇಲೊಂದು ಚಿತ್ರ ಬಂತು, ಎಲ್ಲರಿಗೂ ಕಳಿಸಿದ್ದು.
ಹೊಸ ತಗಡಿನ ಸೂರು, ಸಾಲಾಗಿ ಕೂತ ಮಕ್ಕಳು,
ಒಬ್ಬರೂ ಕ್ಯಾಮೆರಾ ನೋಡುತ್ತಿಲ್ಲ, ಎಲ್ಲರ ಕಣ್ಣೂ ತಟ್ಟೆಯಲ್ಲಿ.
ಅನ್ನ, ಹುರುಳಿಯಂಥ ಕಾಳು.
ಹಳದಿ ರಿಬ್ಬನ್ನಿನ ಹುಡುಗಿಯ ಚಮಚ
ಪಕ್ಕದವನ ತಟ್ಟೆಗೆ ನುಗ್ಗಿದೆ.
ನಾನು ಹುಚ್ಚಿಯ ಹಾಗೆ
ದೊಡ್ಡದು ಮಾಡಿ ಮಾಡಿ ಮೂಲಂಗಿ ಹುಡುಕಿದೆ.

ಮಾರ್ಚಿನಲ್ಲಿ ಹುಲ್ಲಿನ ಪಿಂಡಿ ನಿಂತಿತು.
ಮೊದಲು ಅವನ ಗೋಧಿ ಕಂದಿತು, ಆಮೇಲೆ ಕುಂಬಳ.
ಹಸುಗಳು ಕೆಚ್ಚಲು ತುಂಬಿ ನಿಂತಲ್ಲೇ ನಿಂತವು.
ನೆರೆಯವರು ನೀರು ಹಾಯಿಸಬಹುದು, ದಿನಕ್ಕೆ ಐದು ಮಡಿ.
ಹಾಯಿಸಿದೆ. ಹಸಿರಾಯಿತು.
ಕೊಯ್ಯಲು ಮಾತ್ರ ಅವನೇ ಬೇಕು. ಮತ್ತೆ ಕಂದಿತು.
ಹೀಗೆ ಹತ್ತೊಂಬತ್ತು ರಾತ್ರಿ.
'ಹೇಗಿದ್ದೀ' ಅಂತ ಯಂತ್ರದ ಕೈಲಿ
ಅವನ ಭಾಷೆಯಲ್ಲಿ ಬರೆಸಿ ಕಳಿಸಿದೆ.

ಸತ್ತನೋ, ಬೇಸತ್ತನೋ,
ಫೋನು ಸಮುದ್ರಕ್ಕೆ ಬಿತ್ತೋ,
ಮೊಮ್ಮಗಳು ಬೇರೆ ಆಟ ಕಲಿಸಿದಳೋ,
ಈ ನೆರೆತನದಲ್ಲಿ ತಟ್ಟಿ ಕೇಳಲು ಬಾಗಿಲಿಲ್ಲ.

ನೀರು ಹಾಯಿಸುವುದು ಬಿಟ್ಟಿದ್ದೇನೆ.
ಆದರೂ ಪಾಳಿ ಮುಗಿಯುವ ಮುಂಚೆ
ಒಮ್ಮೆ ಅವನ ಬೇಲಿಯ ತನಕ ಹೋಗುತ್ತೇನೆ.
ಇಡೀ ಹೊಲ ಒಣಹುಲ್ಲಿನ ಬಣ್ಣ.
ಮೂಲೆಯಲ್ಲಿ ಆ ಒಂದು ಮಡಿ
ಕೊಯ್ಯುವವರಿಲ್ಲದೆ,
ಅರ್ಧ ಬೆಲೆಯ ಕೆಲಸ ಯಾವತ್ತೋ ಮುಗಿಸಿ
ಕೆಂಪಗೆ ನಿಂತಿದೆ.

ಏಡಿ ಲಾರಿ ಹಾರ್ನು ಹೊಡೆಯುತ್ತಿದೆ, ಗೇಟು ತೆಗೆಯಬೇಕು.
ಹೊರಡುವಾಗ ಇವತ್ತೂ ಒಂದು ಕೋಳಿ
ಅವನ ಹೊಲದೊಳಗೆ ಬಿಟ್ಟು ಬಂದೆ.
ಕಾಳು ಹಾಕುವವರು ಯಾರು,
ಎಫಿ ಕೇಳಿಯೇ ಕೇಳುತ್ತಾಳೆ.