ಐದು ಸೆಂಟಿಮೀಟರು

ನಾಯ್ಗಾಂವ್ ಮೈದಾನ, ಬೆಳಗಿನ ಐದೂವರೆ.
ಟೇಪು ನನ್ನ ಕೈಲಿ.
ಎದೆ ಎಪ್ಪತ್ತೊಂಬತ್ತು, ಉಬ್ಬಿಸಿದರೆ ಇನ್ನೈದು.
ಬನಿಯನ್ನು ಬಿಚ್ಚಿದ ಹುಡುಗರ ಸಾಲು
ಗೇಟು ದಾಟಿ ರಸ್ತೆಯ ತನಕ.

ಜತ್ತಿನ ಕಡೆಯವನು, ಸೋಪಾನ ಖರಾತ.
ನನ್ನೆದೆಯ ಮೇಲಿನ ಹೆಸರು ಓದಿ, ಮೆಲ್ಲಗೆ ಕನ್ನಡದಲ್ಲಿ:
"ಉಸಿರು ಎಷ್ಟೊತ್ತು ಹಿಡೀಬೇಕ್ರೀ?"
"ನಾ ಬಿಡು ಅನ್ನೂತನಕ."
ನಾಲ್ಕೂವರೆಗೇ ನಿಂತಿತು.
ಹೆಬ್ಬೆರಳು ಯಾಕೋ ಸಡಿಲಾಯಿತು ನನ್ನದು.
ಐದು, ಅಂದೆ. ಗುಮಾಸ್ತ ಬರೆದುಕೊಂಡ.

ಓಟದಲ್ಲಿ ಮೊದಲು ಬಂದವನೂ ಅದೇ ವರ್ಷದವನು,
ಎಂಬತ್ತೆಂಟರ ಎದೆ. ಇರಲಿ.

ಆರು ವರ್ಷದ ಮೇಲೆ ಮೂವರಿಗೂ ಒಂದೇ ಠಾಣೆ.
ಪರೇಲಿನ ಚಾಳು, ಮೂರನೇ ಮಾಳಿಗೆ,
ಒಳಗಿನಿಂದ ಚಿಲಕ.
ಬಾಗಿಲು ಮುರಿದದ್ದೇ ತಡ
ಎಂಬತ್ತೆಂಟು ಮೂಗು ಮುಚ್ಚಿ ಮೆಟ್ಟಿಲಿಳಿಯಿತು.
ನಾನೂ ಕಂಬಿ ಹಿಡಿದು ಬಗ್ಗಿದ್ದೆ, ಸುಳ್ಳೇಕೆ.

ಸೋಪಾನ ಒಳಗೇ ಇದ್ದ.
ಸುರಿಯುತ್ತಿದ್ದ ನಲ್ಲಿ ನಿಲ್ಲಿಸಿದ,
ಕಿಟಕಿ ತೆಗೆದ,
ನಾಲ್ಕು ದಿನದಿಂದ ಬಿದ್ದಿದ್ದ ಹೆಂಗಸಿನ ಸೀರೆ
ಪಾದದ ತನಕ ಎಳೆದ.
ಆಮೇಲೆ ಪಂಚನಾಮೆಯ ಕಾಗದ ಕೇಳಿದ.

ಹೊಸ್ತಿಲಾಚೆ ನಿಂತ ನಾನು
ಬಿಡು ಅನ್ನುವುದನ್ನೇ ಮರೆತಿದ್ದೆ.