ಚಾವಿ ಕೊಡೋ ಮೊದಲು

ಎವರೇಜ್ ಎಷ್ಟು ಅಂತ ಕೇಳಬ್ಯಾಡ ತಂಗಿ.
ನಾನಾ ಪೇಠದಾಗ ಮೂವತ್ತೊಂದು ವರ್ಷ ಪಾನಾ ಹಿಡದೀನಿ,
ಆ ಮಾತಿಗೆ ಖರೇ ಉತ್ತರ ಕೊಟ್ಟಾಗೆಲ್ಲ
ಗಿರಾಕಿ ಎದ್ದು ಹೋಗ್ಯಾರ.
ಇಪ್ಪತ್ತೆಂಟು. ಗಾಳಿ ಎದುರಿದ್ರ ಇಪ್ಪತ್ತೈದು.
ಆತಲ್ಲ? ಚಾ ಆರತದ, ಕುಡಿ.

ಇದು ಯೆಜ್ಡಿ. ಇನ್ನೂರೈವತ್ತು ಸಿಸಿ, ಟೂ ಸ್ಟ್ರೋಕು.
ಪಿಸ್ಟನ್ ಒಂದೇ, ಸೈಲೆನ್ಸರ್ ಎರಡು.
ಒಂದು ಬಾಯಿ, ಎರಡು ಮಾತು ಅಂತಾರಲ್ಲ, ಹಂಗ.
ಆದ್ರ ಎರಡೂ ಖರೇನ ಆಡತಾವ.

ಕಿಕ್ ಎಲ್ಲದ ಅಂತ ಹುಡುಕಾಕತ್ತೀಯೇನು?
ಎಡಗಡೆ ಗೇರ್ ಅದ ನೋಡು, ಅದೇ.
ಒಳಗ ಒತ್ತು, ಮ್ಯಾಲೆ ತಿರುವು: ಕಿಕ್ಕಾತು.
ಒದ್ದು ಎಬ್ಬಸು, ಮತ್ತ ಮುಂದಕ್ಕ ಮಲಗಸು: ಗೇರಾತು.
ಬಡವರ ಮನ್ಯಾಗ ಒಂದೇ ತಾಟಿನ್ಯಾಗ ಹಿಟ್ಟು ನಾದತಾರ,
ಅದರಾಗೇ ಉಣತಾರ, ಅದನ್ನೇ ಗಡಗಿಗೆ ಮುಚ್ಚತಾರ;
ಇದನ್ನ ಮಾಡಿದಾವ ಅಂಥಾ ಮನಿ ಕಂಡಿರಬೇಕು.

ಥಂಡಿ ದಿನಕ್ಕ ಕಾರ್ಬೋರೇಟರಿನ ಈ ಗುಂಡಿ ಒತ್ತು,
ಪೆಟ್ರೋಲ್ ಬೆರಳಿಗೆ ಹತ್ತೂತನಕ.
ಆಮ್ಯಾಲೆ ಎರಡು ಒದಿ.
ಮೂರಕ್ಕೂ ಏಳಲಿಲ್ಲಂದ್ರ ಸಿಟ್ಟು ಮಾಡಬ್ಯಾಡ,
ಪ್ಲಗ್ ಬಿಚ್ಚು, ಒರಸು, ಬಿಸಲಿಗೆ ಹಿಡಿ.
ಎದ್ದಾಗ ನೀಲಿ ಹೊಗಿ ಬರ್ತದ.
ಎದುರಿನ ಮಾಡಿ ಮ್ಯಾಲಿನ ಪೇಂಡಸೆ ಬಾಯಿ
ಕಿಡಕ್ಯಾಗ ನಿಂತು ಕೆಮ್ಮಿ ತೋರಸತಾಳ.
ಗಾಡಿ ಸುರು ಆಗದ ದಿನ
"ಇವತ್ತ್ಯಾಕ ಸಪ್ಪಳಿಲ್ಲ" ಅಂತ ಕೇಳೂದೂ ಆಕೀನೇ.

ಟಾಕಿ ಮ್ಯಾಲ ಐದು ಪದರ ಬಣ್ಣ ಇತ್ತು.
ಹಸರು, ಹಸರಿನ ಕೆಳಗ ಯಾರದೋ ಮದವಿ ಕೆಂಪು,
ಕೆಂಪಿನ ಕೆಳಗ ಒಂದು ಬಣ್ಣ, ಅದಕ್ಕ ಹೆಸರಿಲ್ಲ.
ಉಜ್ಜಿ ಉಜ್ಜಿ ತಳಕ್ಕ ಹೋದ್ರ
ಬಂಗಾರದ ಗೆರಿ.
ಅಲ್ಲೇ ನಿಮ್ಮ ಮೈಸೂರಾಗ ಯಾರೋ ಕೈಲೆ ಎಳದಿರಬೇಕು.
ಬಲಗಡೆ ಒಂದು ಕಡೆ ಕೂದಲೆಳಿಯಷ್ಟು ಸೊಟ್ಟ.
ಸೀನು ಬಂದಿತ್ತೋ, ಹಿಂದಿನಿಂದ ಯಾರರ ಕರದಿದ್ರೋ.
ಪೇಂಟರ್ ನಾಮದೇವ "ಸರಿ ಮಾಡ್ಲೇನು" ಅಂದ.
ಬ್ಯಾಡ ಅಂದೆ.
ಆ ಸೊಟ್ಟ ನಿನಗ ಫುಕಟ್ ಕೊಟ್ಟೀನಿ,
ಬಿಲ್ಲಿನ್ಯಾಗ ಹಿಡದಿಲ್ಲ.

ಅರವತ್ತರ ತನಕ ಸಮಾಧಾನದ ಗಾಡಿ.
ಎಂಬತ್ತಕ್ಕ ಕನ್ನಡಿ ನಡಗತದ,
ಹಿಂದ ಬರೂ ಒಂದು ಲಾರಿ ಮೂರಾಗಿ ಕಾಣತದ.
ಬ್ರೇಕು ಹಳೇ ಕಾಲದ್ದು, ಹುಕುಂ ಅಲ್ಲ, ಅರ್ಜಿ;
ಸ್ವಾರಗೇಟ್ ಸಿಗ್ನಲ್ ಬರೂದ್ರಾಗ
ಎರಡು ಅಂಗಡಿ ಮೊದಲೇ ಬರದು ಕೊಡಬೇಕು.
ದೀಪ ಇಂಜಿನ್ನಿನ ಉಸರಿನ ಮ್ಯಾಲ ಅದ,
ನಿಂತ್ರ ಕಂದತದ, ಓಡಿದ್ರ ಅರಳತದ.

ಕಾತ್ರಜ ಘಾಟು ಏರೂ ಸಲುವಾಗಿ ಏನೂ ಹೇಳೂದಿಲ್ಲ,
ಅದೇ ಏರತದ.
ಇಳಿಯೂದು ಮಾತ್ರ ಲಕ್ಷ್ಯ ಕೊಟ್ಟು ಕೇಳು.
ಇಳಕಲು ಅಂತ ಎಕ್ಸಿಲೇಟರ್ ಪೂರಾ ಮುಚ್ಚಬ್ಯಾಡ.
ಇದರ ಎಣ್ಣಿ ಪೆಟ್ರೋಲಿನ್ಯಾಗೇ ಕಲಸಿರತದ,
ಕೈ ಮುಚ್ಚಿದ್ರ ಗಂಟಲು ಒಣಗತದ, ಪಿಸ್ಟನ್ ಕಚ್ಚತದ.
ನಡುನಡುವ ಒಂದೀಟು ಕೊಡಬೇಕು,
ಕೊಡೂ ಕಾರಣ ಕಾಣದಿದ್ರೂ.
ತೊಂಬತ್ಮೂರರಾಗ ನಾ ಮುಚ್ಚಿದ್ದೆ.
ಹಿಂದಿನ ಗಾಲಿ ಗಪ್ಪನ ನಿಂತು ಬಿಡ್ತು.
ಈ ಮಣಕಾಲು ನೋಡು.
ಹಿಂದ ಕುಂತಾಕಿ ಬದುಕ್ಯಾಳ, ಅಕ್ಕಲಕೋಟದಾಗ ಅದಾಳ,
ಗಾಡಿ ಸಪ್ಪಳ ಕೇಳಿದ್ರ ಬಾಗಲಾ ಹಾಕೋತಾಳಂತ.

ಇರಲಿ.

ಬಲಗಿವಿ ನನಗ ಈಗ ಕೇಳಸೂದಿಲ್ಲ.
ಟ್ಯೂನಿಂಗ್ ಅಂಗೈಲೆ ಮಾಡತೀನಿ, ಟಾಕಿ ಮ್ಯಾಲ ಇಟ್ಟು,
ಕೂಸಿನ ಜ್ವರ ನೋಡಿಧಂಗ.
ನಿನ್ನ ಗಾಡಿ ಮೊನ್ನೇನೇ ತಯಾರಿತ್ತು.
ನಿನ್ನೆ ಮತ್ತೊಮ್ಮೆ ಬಿಚ್ಚಿದೆ. ಇವತ್ತ ಮುಂಜಾನಿನೂ.
ಯಾಕಂತ ಕೇಳಬ್ಯಾಡ.

ತಗೋ ಚಾವಿ.
ಈ ಚಾವಿ ಯಾರ ಯೆಜ್ಡಿಗರ ಹತ್ತೀತು,
ಯಾರದರ ಚಾವಿ ಇದಕ್ಕ ಹತ್ತೀತು, ಅಂಜಬ್ಯಾಡ.
ಕದಿಯಾಕ ಬಂದಾವ
ಮೊದಲು ಕಿಕ್ ಹುಡುಕಬೇಕಲ್ಲ.